ಒಳಗೆ ಬಿಟ್ಟ ಬಟ್ಟೆ

ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಆರಿತು, ಅಂದರೆ ಕಾದಿದೆ, ಕಾಯಲಿ, ಮೊದಲು ಇದು ಮುಗಿಯಬೇಕು, ಕತ್ತರಿಸುವ ಮೇಜಿನ ಮೇಲೆ ಇವತ್ತು ಬಟ್ಟೆಯ ಬದಲು ಲ್ಯಾಪ್‌ಟಾಪು, ಅದರ ಬಿಳಿ ಚೌಕದಲ್ಲಿ ಸಣ್ಣ ಕಡ್ಡಿಯೊಂದು ಮಿಟುಕುತ್ತಿದೆ, ತುಂಬು ತುಂಬು ಅನ್ನುತ್ತಿದೆ, ಸ್ವಂತ ಉದ್ಯೋಗದವರ ತೆರಿಗೆ ವಿವರ, ಆದಾಯದಿಂದ ಕಳೆಯಬಹುದಾದ ಖರ್ಚು, ಸಂಜೆ ಆರಕ್ಕೆ ಗಡುವು — ಸ್ವಂತ ಉದ್ಯೋಗವಂತೆ, ಇಪ್ಪತ್ತೆರಡು ವರ್ಷ ಕಂಡವರ ಸೊಂಟ ಅಳೆದದ್ದಕ್ಕೆ ಎಷ್ಟು ದೊಡ್ಡ ಹೆಸರು. ದಾರ ಹಾಕಿದೆ, ಸೂಜಿ, ಗುಂಡಿ, ಜಿಪ್ಪು, ಕಾಲರಿನೊಳಗಿನ ಕ್ಯಾನ್ವಾಸು, ಮೆಷಿನ್ನಿನ ಎಣ್ಣೆ, ವರ್ಷದಲ್ಲಿ ಎರಡು ಸಲ ಹರಿದ ಬೆಲ್ಟು, ಎಲ್ಲದರ ಚೀಟಿಯನ್ನೂ ಗುಂಡುಸೂಜಿಯಲ್ಲಿ ಚುಚ್ಚಿಟ್ಟಿದ್ದೇನೆ, ಕನ್ನಡಕ ಖರ್ಚಲ್ಲಿ ಹಾಕಬಹುದಾ ಸಾರ್ ಅಂತ ಬೆಳಿಗ್ಗೆ ಆಡಿಟರಿಗೆ ಫೋನು ಮಾಡಿದ್ದೆ, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹಾಕಿ ಹೋದ ಕಣ್ಣು, ಇಲ್ಲಮ್ಮ, ಕನ್ನಡಕ ಬರಲ್ಲ, ಅದ್ರಲ್ಲಿ ನೀವು ಬೇರೇದನ್ನೂ ನೋಡ್ತೀರಲ್ಲ, ಏನು ನೋಡ್ತೀನಿ ಹೇಳಿ ಸಾರ್, ನಕ್ಕರು, ಸೊಂಟಕ್ಕೆ ಕಟ್ಟುವ ಪಟ್ಟಿಯೂ ಬರುವುದಿಲ್ಲವಂತೆ, ಸೊಂಟ ಸ್ವಂತದ್ದಂತೆ. ಈ ನಲವತ್ತೆಂಟು ವರ್ಷದಲ್ಲಿ ನನ್ನ ಸ್ವಂತದ್ದು ಅಂತ ಸರ್ಕಾರ ಒಪ್ಪಿಕೊಂಡದ್ದು ಇವೆರಡೇ, ಮಬ್ಬುಗಣ್ಣು, ನೋಯುವ ಸೊಂಟ.

ಮುಂದಿನ ಚೌಕ ಕೋಣೆಯದ್ದು. ಮನೆಯಿಂದಲೇ ಕೆಲಸ ಮಾಡುವುದಾದರೆ ಕೆಲಸದ ಕೋಣೆಯಲ್ಲಿ ವ್ಯವಹಾರಕ್ಕೆ ಬಳಸುವ ಭಾಗ ಶೇಕಡಾ ಎಷ್ಟು, ಉಳಿದ ಭಾಗವನ್ನು ಯಾರು ಬಳಸುತ್ತಾರೆ — ಹಾಲಿನಲ್ಲಿ ಇವರು ಟೀವಿಯ ಶಬ್ದ ಏರಿಸಿದರು, ಆ ಹಾಲನ್ನು ಯಾವ ಉದ್ದೇಶಕ್ಕೆ ಬಳಸುತ್ತೀರಿ ಅಂತ ಇವರನ್ನು ಯಾವ ಇಲಾಖೆಯೂ ಕೇಳುವುದಿಲ್ಲ, ಬೆನ್ನುನೋವು ಅಂತ ಕೆಲಸ ಬಿಟ್ಟು ಏಳು ವರ್ಷ, ನೋವಿರುವ ಬೆನ್ನು ಮೂರು ಆಳಿನ ಸೋಫಾದ ಮೇಲೆ, ಲೇ, ಟೀ ಆಯ್ತಾ, ಆಗಿಲ್ಲ. ಪೂರ್ತಿ ನೂರು ಹಾಕ್ಬಿಡಿ ಅಮ್ಮ ಅಂದಿದ್ದರು ಆಡಿಟರು, ಆ ರೂಮಲ್ಲಿ ಬೇರೆ ಯಾರೂ ಮಲಗಲ್ಲ ತಾನೆ, ಇಲ್ಲ ಸಾರ್, ಯಾರೂ ಇಲ್ಲ ಅಂದೆ, ನಾಲಗೆ ತಡವರಿಸಲೇ ಇಲ್ಲ, ಅದು ನಿಜವೂ ಹೌದು, ಎರಡು ವರ್ಷದಿಂದ ಇಲ್ಲಿ ಮಲಗುವುದು ಬಟ್ಟೆಯ ಥಾನುಗಳು ಮಾತ್ರ. ಫೋನು ಕೆಳಗಿಟ್ಟು ಐದು ನಿಮಿಷವಾಗಿರಲಿಲ್ಲ, ನಾದಿನಿಯ ಫೋನು, ಅತ್ತಿಗೆ, ನಮ್ಮವರಿಗೆ ವರ್ಗ ಆಯ್ತು, ಮುಂದಿನ ವಾರ ಮನೆ ಖಾಲಿ ಮಾಡ್ತೀವಿ, ನಿಮ್ಮ ಮಗಳು ಇಲ್ಲೇ ಇದಾಳೆ, ಮಾತಾಡಿ, ಆಮೇಲೆ ಅವಳ ದನಿ, ಅಮ್ಮ, ಸಂಜೆ ಐದಕ್ಕೆ ಬರ್ತೀನಿ, ನನ್ನ ಜಾಗ ಅಲ್ಲಿ ಇನ್ನೂ ಇದ್ರೆ ಅಲ್ಲೇ ಇರ್ತೀನಿ, ಇಲ್ದಿದ್ರೆ ಹಾಸ್ಟೆಲ್ ಫಾರಂ ತುಂಬ್ತೀನಿ. ಹದಿನೆಂಟು ವರ್ಷದವಳು ಮನೆ ಬಾಡಿಗೆಗೆ ಕೇಳುವವಳ ಹಾಗೆ ಕೇಳಿದಳು. ನಿನ್ನ ಜಾಗ ಎಲ್ಲಿಗೆ ಹೋಗುತ್ತೆ, ಬಾ ಅಂದೆ.

ಬಾ ಅಂದೆ, ಆದರೆ ಎಲ್ಲಿಗೆ, ಕಿಟಕಿಯ ಮೂಲೆಯಲ್ಲಿ ಅವಳ ಮಂಚ ಮಡಚಿ ಗೋಡೆಗೆ ನಿಲ್ಲಿಸಿ ಅದರ ಮೇಲೆ ಲೈನಿಂಗ್ ಬಟ್ಟೆ ನೇತು ಹಾಕಿದ್ದೇನೆ, ಅದರ ಮುಂದೆ ಸೊಂಟದೆತ್ತರಕ್ಕೆ ಯೂನಿಫಾರ್ಮಿನ ಗುಡ್ಡೆ. ಹನ್ನೊಂದು ವರ್ಷದವಳಿದ್ದಾಗ ಬಟ್ಟೆಗೆ ಗುರುತು ಹಾಕುವ ನನ್ನದೇ ನೀಲಿ ಮೇಣದ ಚಾಕ್ ತಗೊಂಡು ನೆಲದ ಮೇಲೆ ಗೆರೆ ಎಳೆದಿದ್ದಳು, ಅಮ್ಮ, ಈ ಕಡೆ ನಂದು, ನಿನ್ನ ಬಟ್ಟೆ ಗೆರೆ ದಾಟಿದ್ರೆ ದಂಡ, ಆಯ್ತು ಮಹಾರಾಣಿ ಅಂದಿದ್ದೆ, ಆಮೇಲೆ ಶಾಲೆ ತೆರೆಯುವ ತಿಂಗಳು, ನೂರಿಪ್ಪತ್ತು ಜೊತೆ ಹೊಲಿಯುವುದು, ಎಲ್ಲಿಡಲಿ, ಅವಳೇ ಗೆರೆಯನ್ನು ಒಳಕ್ಕೆ ಸರಿಸಿ ಎಳೆದುಕೊಂಡಳು, ಅವಳೇ, ನಾನು ಯಾವತ್ತೂ ಜಾಗ ಬಿಡು ಅಂದವಳಲ್ಲ, ಹೋಗು ಅಂದವಳಂತೂ ಅಲ್ಲ, ಕೇಳಿದವರಿಗೆಲ್ಲ ಹೇಳಿದ್ದೇನೆ, ಅವಳತ್ತೆ ಮನೆಯಿಂದ ಕಾಲೇಜು ಹತ್ತಿರ, ಹಾಗಾಗಿ. ಹತ್ತನೆಯ ಪರೀಕ್ಷೆಗೆ ಓದಲು ಅಲ್ಲಿಗೆ ನಾಲ್ಕು ದಿನ ಹೋಗಿ ಬಂದವಳು ಬಾಗಿಲಲ್ಲೇ ನಿಂತು, ಅಮ್ಮ, ನನ್ನ ಗೆರೆ ಜರುಗಿದೆ ಅಂದಳು, ಗೆರೆಗೇನು ಕಾಲಿದೆಯಾ ಜರುಗೋಕೆ ಅಂದೆ, ಇವರು ಹಾಲಿನಿಂದ ಗಹಗಹಿಸಿ ನಕ್ಕರು, ಅವಳು ನಗಲಿಲ್ಲ, ಆ ರಜೆಯಲ್ಲೇ ಚೀಲ ತುಂಬಿದಳು, ಹೊಸಿಲ ಬಳಿ ಚಪ್ಪಲಿಯ ಬಾರು ಹಾಕಿಕೊಳ್ಳುತ್ತ, ತಲೆ ಎತ್ತದೆ, ಊರಿನ ಮಕ್ಕಳಿಗೆಲ್ಲ ಒಳಗೆ ಎರಡಿಂಚು ಬಟ್ಟೆ ಬಿಡ್ತೀಯಲ್ಲಮ್ಮ, ನಾನೂ ಬೆಳೀತೀನಿ ಅಂತ ನಿಂಗೆ ಗೊತ್ತಿರಲಿಲ್ವಾ. ಯಾರ ಫೀಸಿಗೆ ಹೊಲಿದೆ ಅಂತ ಕೇಳಬೇಕಿತ್ತು, ಕೇಳಲಿಲ್ಲ, ಬಾಯಲ್ಲಿ ಗುಂಡುಸೂಜಿ ಇತ್ತು, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತದೆ.

ನಾಲ್ಕೂವರೆ. ನೂರು ಅಂತ ಹೊಡೆದೆ, ಅಳಿಸಿದೆ, ಅವಳು ಇರುವುದಾದರೆ ನೂರು ಸುಳ್ಳು, ಅಳತೆಯಲ್ಲಿ ಸುಳ್ಳು ನನ್ನಿಂದಾಗದು, ಟೇಪು ಕೊರಳಲ್ಲೇ ಇದೆ, ಕೋಣೆ ಹತ್ತಕ್ಕೆ ಹನ್ನೆರಡು, ನೂರಿಪ್ಪತ್ತು ಚದರಡಿ, ಗುಡ್ಡೆಯನ್ನು ತೋಳು ತುಂಬ ಎತ್ತಿ ಮೇಜಿನ ಕೆಳಗೆ ತಳ್ಳಿದೆ, ಸೊಂಟ ಚುಳುಕ್ ಅಂದಿತು, ಸ್ವಂತ ಸೊಂಟ, ಮಂಡಿಯೂರಿದೆ, ಎರಡು ವರ್ಷ ಕಸಬರಿಗೆ ಮುಟ್ಟದ ನೆಲ, ದಾರದ ತುಂಡು, ಒಂದು ಕೂದಲಿನ ಕ್ಲಿಪ್ಪು, ಧೂಳಿನಡಿ ನೀಲಿ. ಹೊರಗಿನ ಗೆರೆ ಗೋಡೆಯಿಂದ ನಾಲ್ಕಡಿ, ಮಂಚದ ಉದ್ದ ಆರು, ಇಪ್ಪತ್ತನಾಲ್ಕು ಚದರಡಿ, ಶೇಕಡಾ ಇಪ್ಪತ್ತು, ಹನ್ನೊಂದು ವರ್ಷದ ಕೈ, ಹಾವಿನ ಹಾಗೆ ಹೋಗಿದೆ, ನಡುವೆ ಒಂದು ಕಡೆ ಚಾಕ್ ಮುರಿದ ಗುರುತು, ಎರಡನೆಯದು ಮೂರಡಿ, ಶೇಕಡಾ ಹದಿನೈದು, ಅದೂ ಅವಳದೇ, ಸಿಟ್ಟಿನಲ್ಲಿ ಒತ್ತಿ ಎಳೆದದ್ದು, ದಪ್ಪ, ವಕ್ರ, ಮೂರನೆಯದು ಎರಡಡಿ, ಶೇಕಡಾ ಹತ್ತು, ಎರಡಡಿಯಲ್ಲಿ ಮಂಚವೇ ಹಿಡಿಯುವುದಿಲ್ಲ, ಎರಡಡಿಯಲ್ಲಿ ಹೇಗೆ ಮಲಗುತ್ತಿದ್ದಳು — ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಬಗ್ಗಿದೆ, ಬೇರೇದನ್ನೂ ನೋಡ್ತೀರಲ್ಲ ಅಂದಿದ್ದರು ಆಡಿಟರು. ಈ ಮೂರನೆಯದು ವಕ್ರವಾಗಿಲ್ಲ. ಗೇಟಿನ ಚಿಲಕದ ಸದ್ದು, ಇವರು ಹಾಲಿನಿಂದ, ಬಾರಮ್ಮ ಬಾ, ನಿಮ್ಮಮ್ಮ ಒಳಗಿದಾಳೆ. ಈ ಗೆರೆ ಒಂದು ಕೂದಲಿನಷ್ಟೂ ಓರೆಯಾಗಿಲ್ಲ, ಒಂದೇ ಎಳೆತ, ಎರಡು ತುದಿಯಲ್ಲೂ ಅಡ್ಡಕ್ಕೆ ಸಣ್ಣ ಗೀಟು, ಕತ್ತರಿ ಇಲ್ಲಿಂದ ಇಲ್ಲಿಯವರೆಗೆ ಅಂತ ಇಪ್ಪತ್ತೆರಡು ವರ್ಷದಿಂದ ಪ್ರತಿ ಬಟ್ಟೆಯ ಮೇಲೂ ನನ್ನ ಕೈಯಿಂದ ಬೀಳುವ ಗೀಟು, ಅವಳಿಲ್ಲದ ಆ ನಾಲ್ಕು ದಿನ, ಯೂನಿಫಾರ್ಮು, ಎಲ್ಲಿಡಲಿ ಎಲ್ಲಿಡಲಿ ಅಂತ, ಪ್ಯಾಸೇಜಿನಲ್ಲಿ ಚಪ್ಪಲಿ ಬಿಡುವ ಸದ್ದು, ಅಮ್ಮ, ಮೇಜಿನ ಮೇಲೆ ಕಡ್ಡಿ ಮಿಟುಕುತ್ತಿದೆ, ಅಮ್ಮ, ಎಲ್ಲಿದೀಯ, ಗೆರೆಗೇನು ಕಾಲಿದೆಯಾ, ಅಂಗೈಯಿಂದ ಉಜ್ಜಿದೆ, ಮೇಣದ ಚಾಕ್, ಹೋಗುವುದಿಲ್ಲ, ನೀಲಿ, ನೇರ, ಸ್ಕೇಲಿಟ್ಟು ಎಳೆದ ಗೆರೆ