ಶುಕ್ರವಾರದ ಉಗುರು

ನಮ್ಮ ಮನೆಯಲ್ಲಿ ಸೋಮವಾರ ಉಗುರು ತೆಗೆಯುವ ಹಾಗಿಲ್ಲ, ಅದು ಮನೆದೇವರ ವಾರ. ಮಂಗಳವಾರ, ಶುಕ್ರವಾರದ ಮಾತೇ ಬೇಡ. ಶನಿವಾರವೂ ಆಗದು. ಅಮಾವಾಸ್ಯೆ, ಏಕಾದಶಿ, ಮನೆಯಿಂದ ಯಾರಾದರೂ ಪರವೂರಿಗೆ ಹೊರಟ ದಿನ ಕೂಡದು. ಮಿಕ್ಕ ದಿನಗಳಲ್ಲೂ ದೀಪ ಹಚ್ಚಿದ ಮೇಲೆ ಕೂಡದು. ಮದುವೆಯಾಗಿ ಬಂದಾಗಿನಿಂದ ನಾನು ಇದಕ್ಕೆ ಒಗ್ಗಿಕೊಂಡಿದ್ದೇನೆ. ನನ್ನ ಉಗುರನ್ನು ಗುಬ್ಬಿಯ ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ, ಕಿಟಕಿಯ ಪಕ್ಕ ನಿಂತು ತೆಗೆದುಕೊಳ್ಳುತ್ತೇನೆ. ಆದರೆ ನಾಯಿಯನ್ನು ತುಮಕೂರಿನಿಂದ ರೈಲು ಹತ್ತಿಸಿ ಕಚೇರಿಗೆ ಕರೆದುಕೊಂಡು ಹೋಗಲಾಗುವುದಿಲ್ಲ.

ಈ ಕಟ್ಟಳೆ ನಾಯಿಗೂ ಇದೆ ಎಂದು ನನಗೆ ತಿಳಿದದ್ದು ಹೋದ ಭಾನುವಾರ. ಕತ್ತರಿ ಹಿಡಿದು ನಮ್ಮ ನಾಯಿ ಮಿಂಟುವಿನ ಮುಂದೆ ಕೂತಿದ್ದೆ. ಅತ್ತೆ ಒಳಗಿನಿಂದಲೇ ಕ್ಯಾಲೆಂಡರ್ ನೋಡಿ, ಇವತ್ತು ಅಮಾವಾಸ್ಯೆ ಎಂದರು. ನಾಯಿಗೆ ಎಂಥ ಅಮಾವಾಸ್ಯೆ ಅತ್ತೆ ಎಂದು ನಗುತ್ತಲೇ ಕೇಳಿದೆ.

"ನಾಯಿಗಿಲ್ಲ ಕಣೇ, ಮನೆಗಿದೆ. ಅದು ಇರೋದು ಮನೇಲಿ ತಾನೆ?"

ಕತ್ತರಿಯನ್ನು ಎತ್ತಿಟ್ಟೆ.

ಮಿಂಟುವನ್ನು ಮನೆಗೆ ತಂದವರು ನನ್ನ ಗಂಡ ಹನುಮಂತರಾಜು. ನಿಟ್ಟೂರಿನ ಸ್ನೇಹಿತರ ಮನೆಯಿಂದ ಅಂಗೈಯಷ್ಟು ಮರಿಯನ್ನು ಬೈಕಿನ ಮುಂದಿಟ್ಟುಕೊಂಡು ಬಂದು, ಇದರ ಪೂರ್ತಿ ಜವಾಬ್ದಾರಿ ನನ್ನದು ಎಂದಿದ್ದರು. ಆ ಜವಾಬ್ದಾರಿ ಒಂದು ವಾರ ಅವರ ಹತ್ತಿರ ಇತ್ತು. ಆಮೇಲೆ ಅದಕ್ಕೆ ಊಟ, ಸ್ನಾನ, ಚುಚ್ಚುಮದ್ದು, ಬೆಳಗಿನ ತಿರುಗಾಟ ಎಲ್ಲವೂ, ಯಾರೂ ಹೇಳದೆ, ನನ್ನ ಪಾಲಿಗೆ ಬಂದವು. ಈಗ ಅದು ಎಮ್ಮೆಕರುವಿನಷ್ಟು ಬೆಳೆದಿದೆ. ಮೈಯೂ ಕಪ್ಪು, ಉಗುರೂ ಕಪ್ಪು. ಬೆಳಗಿನ ಆ ಒಂದು ಸುತ್ತು ಬಿಟ್ಟರೆ ದಿನವೆಲ್ಲ ಟೈಲ್ಸ್ ನೆಲದ ಮೇಲೇ ಇರುವುದರಿಂದ ಉಗುರು ಸವೆಯುವುದೇ ಇಲ್ಲ. ಕೊಕ್ಕೆಯಂತೆ ಬಾಗಿ, ನಡೆದರೆ ಟಕಟಕ ಎನ್ನುತ್ತದೆ.

ಅತ್ತೆ ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಚರ್ಮ ಈರುಳ್ಳಿ ಸಿಪ್ಪೆಯ ಹಾಗಾಗಿದೆ. ಸಣ್ಣಗೆ ಗೀರಿದರೂ ರಕ್ತ ಬೇಗ ನಿಲ್ಲುವುದಿಲ್ಲ, ಸುತ್ತ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೀಗಿದ್ದೂ ದಿನಾ ಧಾರಾವಾಹಿ ನೋಡುವಾಗ ಕೋಡುಬಳೆಯನ್ನು ಮುರಿದು ಮುರಿದು ಅದಕ್ಕೆ ಕೊಡುತ್ತಾರೆ. ಅದು ಎರಡು ಮುಂಗಾಲನ್ನೂ ಅವರ ತೊಡೆಯ ಮೇಲೆ, ಕೈಯ ಮೇಲೆ ಇಡುತ್ತದೆ. ಕೊಡಬೇಡಿ ಎಂದರೆ, ಅದು ನನ್ನ ಬಾಯಿ ನೋಡುತ್ತಿದ್ದರೆ ನಾನೊಬ್ಬಳೇ ಹೇಗೆ ತಿನ್ನಲಿ ಎನ್ನುತ್ತಾರೆ.

ಮಂಗಳವಾರ ಡಾಕ್ಟರು ಅತ್ತೆಯ ಮೊಣಕೈ ಮೇಲಿನ ಗೀರು ನೋಡಿ ನನ್ನ ಗಂಡನಿಗೆ ಬೈದರಂತೆ. ಬೈಸಿಕೊಂಡವರು ಮನೆಗೆ ಬಂದು ನನಗೆ ಬೈದರು. ಕೊನೆಗೆ ತೀರ್ಮಾನವನ್ನೂ ಅವರೇ ಹೇಳಿದರು. ಶನಿವಾರ ಕಾಯಿ ಕೀಳಿಸಲು ಕುಣಿಗಲ್ ಕಡೆಯ ತೋಟಕ್ಕೆ ಹೋಗುವಾಗ ಮಿಂಟುವನ್ನೂ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬರುತ್ತಾರೆ. ಮಣ್ಣಿನಲ್ಲಿ ಓಡಾಡಿದರೆ ಉಗುರು ತಾನೇ ಸವೆಯುತ್ತದೆ. ಅಷ್ಟರೊಳಗೆ ಉಗುರು ತೆಗೆದು, ಅಮ್ಮನ ಮೈಮೇಲೆ ಇನ್ನೊಂದು ಗೀರು ಬೀಳದಿದ್ದರೆ ಮಾತ್ರ ಅದು ಇಲ್ಲಿರಬಹುದು. ತೆಗೆಯುವವರು ಯಾರು ಎಂದು ನಾನು ಕೇಳಲಿಲ್ಲ.

ಮಿಂಟು ಹೋದರೆ ನನಗೇನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬರುವ ಮೊದಲು ಅತ್ತೆ ಕಚೇರಿಗೆ ಫೋನ್ ಮಾಡುತ್ತಿದ್ದರು. ಹಾಲಿನವನು ನೀರು ಬೆರೆಸಿದ್ದಾನೆ, ಎಡಗಾಲು ಜೋಮು ಹಿಡಿದಿದೆ, ಮಹಾಲಕ್ಷ್ಮಮ್ಮ ಅನ್ನೋ ನನ್ನ ಹೆಸರಿಗೂ ನನ್ನ ಬಾಳಿಗೂ ಏನು ಸಂಬಂಧ ಹೇಳು. ಎದುರಿಗೆ ಜನ ಅರ್ಜಿ ಹಿಡಿದು ನಿಂತಿರುತ್ತಿದ್ದರು, ನಾನು ಹೂಂ ಹೂಂ ಎನ್ನುತ್ತಿದ್ದೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಉಳಿದ ಮಾತು ಶುರುವಾಗುತ್ತಿತ್ತು. ಈಗ ಅದನ್ನೆಲ್ಲ ಮಿಂಟು ಕೇಳಿಸಿಕೊಳ್ಳುತ್ತದೆ. ಕಿವಿ ನಿಮಿರಿಸಿ, ಮುಖವನ್ನೇ ನೋಡುತ್ತಾ, ಅತ್ತೆಯ ತವರಿನ ಆಸ್ತಿ ಪಾಲಾದ ಕಥೆಯನ್ನು ಎಷ್ಟನೆಯ ಸಲವೋ ಕೇಳುತ್ತದೆ. ನಾನು ಬಂದು, ಕಾಫಿ ಕುಡಿದು, ಸುಮ್ಮನೆ ಕೂರುತ್ತೇನೆ. ಆ ಸುಮ್ಮನೆ ಕೂರುವ ಹೊತ್ತು ನನಗೆ ಸಿಕ್ಕಿದ್ದು ಈ ನಾಯಿಯಿಂದ. ಅದು ತೋಟಕ್ಕೆ ಹೋದರೆ ಆ ಖಾಲಿ ಜಾಗಕ್ಕೆ ನಾನೇ ಹೋಗಿ ಕೂರಬೇಕು.

ಬುಧವಾರ, ಗುರುವಾರ ಬೆಳಿಗ್ಗೆ ರೈಲಿನ ಅವಸರ, ಸಂಜೆ ನಾನು ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು. ಪಶುವೈದ್ಯರ ಹತ್ತಿರ ಹಿಂದೊಮ್ಮೆ ಕರೆದುಕೊಂಡು ಹೋದಾಗ ಮಿಂಟು ಆಟೋದಲ್ಲಿ ಉಚ್ಚೆ ಹೊಯ್ದು, ಬಾಯಿಗೆ ಕಟ್ಟಿದ ಪಟ್ಟಿ ಕಿತ್ತು, ಮೇಜಿನಿಂದ ಹಾರಿತ್ತು. ಮನೆಯಲ್ಲೇ ನಿಧಾನವಾಗಿ ತೆಗೆಯಿರಿ ತಾಯಿ ಎಂದು ಅವರು ಕೈಮುಗಿದಿದ್ದರು. ಉಳಿದದ್ದು ಶುಕ್ರವಾರ ಒಂದೇ. ಅದೃಷ್ಟಕ್ಕೆ ಅಂದು ಸರ್ಕಾರಿ ರಜೆ.

ಅತ್ತೆ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಬಂದು ಕೂತಿದ್ದರು. ನಾಳೆ ಇವರು ಇದನ್ನ ಕರ್ಕೊಂಡು ಹೋಗಿಬಿಡ್ತಾರೆ ಅತ್ತೆ, ಇವತ್ತೊಂದು ದಿನ ಬಿಟ್ಟುಕೊಡಿ ಎಂದೆ. ಅವರು ಮಿಂಟುವಿನ ತಲೆ ಸವರುತ್ತಾ, ಹೋಗಲಿ, ನನಗೇನು, ನಾನೇನು ಇದನ್ನ ಸಾಕಿ ಅಂದಿದ್ನಾ ಎಂದರು. ಸವರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಸರಿ, ಹಾಗಾದರೆ ತೆಗೀಲಾ ಎಂದೆ.

"ಶುಕ್ರವಾರ ಮನೇಲಿ ಉಗುರು ಬೀಳಬಾರದು ಮಂಗಳಾ. ಲಕ್ಷ್ಮಿ ಎದ್ದು ಹೋಗ್ತಾಳೆ."

ಕೋಪ ನುಂಗಿಕೊಳ್ಳಲು ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಅಕ್ರಂ ಪಾಷಾ ಸಾಹೇಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಾಲಿನ ಮೇಲೆ ಕಾಲು ಹಾಕಿ, ಬಲು ಶ್ರದ್ಧೆಯಿಂದ ಉಗುರು ತೆಗೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಜಮಾಲುನ್ನೀಸಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಆಪಾ, ನಿಮಗೆ ಶುಕ್ರವಾರ ಉಗುರು ತೆಗೆಯಬಹುದಾ ಎಂದು ಕೇಳಿದೆ. ಜುಮ್ಮಾ ದಿನ ತೆಗೆದರೇ ಒಳ್ಳೆಯದು, ಸ್ನಾನಕ್ಕೆ ಮೊದಲು ತೆಗೆಯುತ್ತೇವೆ ಎಂದರು. ನಾನು ಗೋಡೆಗೆ ಒರಗಿ ನನ್ನ ಕಷ್ಟ ಹೇಳಿದೆ. ಅವರು ಮೊರ ಕೆಳಗಿಟ್ಟು ನಕ್ಕರು.

"ನಮ್ಮ ಗೇಟ್ ಹತ್ರ ಬಾ, ಅಲ್ಲಿ ಮಾಡ್ಕೋ. ಆದ್ರೆ ಅದರ ಎಂಜಲು ನಂಗೆ ತಾಗಬಾರ್ದು ನೋಡಮ್ಮ, ಆಮೇಲೆ ಬಟ್ಟೆ ಬದಲಾಯಿಸಿ ನಮಾಜ್ ಮಾಡ್ಬೇಕಾಗ್ತದೆ. ನಾನು ದೂರದಿಂದ ಹೇಳಿಕೊಡ್ತೀನಿ."

ಅವರಿಗೆ ನಾಯಿಯ ಉಗುರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೂ ಹೇಳಿಕೊಟ್ಟರು.

ಫೋನಿನಲ್ಲಿ ನಾನು ನೋಡಿದ್ದ ವಿಡಿಯೋದಲ್ಲಿ ಒಬ್ಬ ಹೆಂಗಸು ಮಲಗಿದ ನಾಯಿಯ ಪಾದವನ್ನು ಮಗುವಿನ ಕೈಯಂತೆ ಹಿಡಿದುಕೊಂಡಿದ್ದಳು. ಬಿಳಿ ಉಗುರು, ಒಳಗಿನ ಕೆಂಪು ನರ ಎಲ್ಲಿವರೆಗಿದೆ ಎಂದು ಕಾಣುತ್ತಿತ್ತು. ನಮ್ಮದರ ಕಪ್ಪು ಉಗುರಿನಲ್ಲಿ ನರ ಎಲ್ಲಿ ಮುಗಿಯುತ್ತದೆ ಎಂಬುದು ದೇವರಿಗೇ ಗೊತ್ತು. ಕಡಲೆಬೀಜದ ಉಂಡೆಯನ್ನು ಪುಡಿಮಾಡಿ ಬೆಲ್ಲ ಕಲಸಿ ತಟ್ಟೆಗೆ ಮೆತ್ತಿ, ಮಿಂಟುವನ್ನು ಕರೆದುಕೊಂಡು ಹೋಗಿ ಅವರ ಗೇಟಿನ ಬಳಿ ಇಟ್ಟೆ. ಅದು ನೆಕ್ಕುವಷ್ಟು ಹೊತ್ತು ನಾನು ಹಿಂಗಾಲನ್ನು ಹಿಂದಕ್ಕೆ ಮಡಚಿ ಹಿಡಿದು ತುದಿ ತುದಿ ಕತ್ತರಿಸಿದೆ. ಇನ್ನೂ ಸ್ವಲ್ಪ ತೆಗಿ, ಇನ್ನೂ ಸ್ವಲ್ಪ ಎಂದು ಆಪಾ ಬಾಗಿಲಿನಿಂದ ಹೇಳುತ್ತಿದ್ದರು. ನೀವು ಬಂದು ತೆಗೀರಿ ಎಂದೆ. ಅವರು ಮತ್ತೆ ಮೊರ ಕೈಗೆತ್ತಿಕೊಂಡರು.

ಎರಡು ಹಿಂಗಾಲು, ಒಂದು ಮುಂಗಾಲು ಮುಗಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ತಟ್ಟೆಯೂ ಖಾಲಿಯಾಗಿತ್ತು. ಬಲ ಮುಂಗಾಲಿನ ಮೊದಲ ಉಗುರಿಗೆ ಕತ್ತರಿ ಹಾಕುವಾಗಲೇ ಪಾಷಾ ಸಾಹೇಬರು ಬಿಳಿ ಜುಬ್ಬಾ ಹಾಕಿಕೊಂಡು ಮಸೀದಿಗೆ ಹೊರಟು ಬಂದರು. ಮಿಂಟು ಅವರನ್ನು ಮಾತನಾಡಿಸಲು ಎದ್ದಿತು. ನನ್ನ ಕೈ ಜಾರಿತು. ಕಿಂಯ್ ಎಂದು ಅದು ಕೂಗಿದ್ದಕ್ಕೆ ಬೀದಿಯ ನಾಯಿಗಳೆಲ್ಲ ಎದ್ದವು. ಸಾಹೇಬರು ಜುಬ್ಬಾ ಎತ್ತಿಕೊಂಡು ಗೋಡೆಗೆ ಅಂಟಿ ನಿಂತರು. ಉಗುರಿನ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಪಾ ಒಳಗಿನಿಂದ ಒಂದು ಹಿಡಿ ಮೈದಾ ತಂದು ದೂರದಿಂದಲೇ ಎರಚಿದರು. ಅರ್ಧ ಉಗುರಿಗೆ, ಅರ್ಧ ನನ್ನ ತಲೆಗೆ ಬಿತ್ತು. ಅದನ್ನೇ ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ. ಆಮೇಲೆ ಮಿಂಟು ಆ ಕಾಲನ್ನು ಮೈಯಡಿಗೆ ಮಡಚಿಟ್ಟುಕೊಂಡು ಮಲಗಿತು. ಬೇಡಿದೆ, ಬೈದೆ, ಇನ್ನೊಂದು ಉಂಡೆ ತೋರಿಸಿದೆ. ಹಲ್ಲು ತೋರಿಸಿತು, ಕಾಲು ಕೊಡಲಿಲ್ಲ.

ಬಿದ್ದ ಉಗುರನ್ನೆಲ್ಲ ಗುಡಿಸಿ ಬೀದಿಯ ಕಸದ ಡಬ್ಬಕ್ಕೆ ಹಾಕಿ, ಕೂದಲಿನ ತುಂಬ ಮೈದಾ ಇಟ್ಟುಕೊಂಡು ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಇದ್ದರು. ಎಲ್ಲಿ ತೆಗೆದೆ, ಉಗುರು ಎಲ್ಲಿ ಬಿತ್ತು ಎಂದು ವಿಚಾರಣೆ ಮಾಡಿದರು. ಆಪಾ ಮನೆ ಗೇಟಿನಲ್ಲಿ ಎಂದೆ. ಅತ್ತೆ ಪಕ್ಕದ ಮನೆಯತ್ತ ಕತ್ತು ಚಾಚಿ ನೋಡಿದರು.

"ಅವರಿಗೆ ದೋಷ ಇಲ್ಲ ತಾನೆ?"

"ಅವರಿಗೆ ಇವತ್ತೇ ಒಳ್ಳೇ ದಿನವಂತೆ."

"ಹಂಗಾದ್ರೆ ಸರಿ. ಇಬ್ಬರೂ ಕಾಲು ತೊಳ್ಕೊಂಡು ಒಳಗೆ ಬನ್ನಿ."

ಒಂದು ಗೋಡೆ ದಾಟಿದರೆ ಮುಗಿಯುವ ವಿಷಯಕ್ಕೆ ನಾನು ವಾರವಿಡೀ ಹೊಟ್ಟೆ ಉರಿಸಿಕೊಂಡಿದ್ದೆ. ಬಲ ಮುಂಗಾಲು ಹಾಗೇ ಉಳಿದಿದೆ, ಹತ್ತಿರ ಸೇರಿಸಬೇಡಿ ಎಂದು ಎಚ್ಚರಿಸಿ ಸ್ನಾನಕ್ಕೆ ಹೋದೆ.

ಸಂಜೆ ಹನುಮಂತರಾಜು ಬಂದಾಗ ಧಾರಾವಾಹಿ ನಡೆಯುತ್ತಿತ್ತು. ನಾನು ಅಡುಗೆಮನೆಯಿಂದ ಕಾಫಿ ತರುತ್ತಿದ್ದೆ. ಅತ್ತೆಯ ಕೈಯಲ್ಲಿ ಅರ್ಧ ಕೋಡುಬಳೆ, ತೊಡೆಯ ಮೇಲೆ ಮಿಂಟುವಿನ ಬಲಗಾಲು. ಮಣಿಕಟ್ಟಿನ ಮೇಲೆ ಹೊಸದಾಗಿ ಎದ್ದ ಕೆಂಪು ಗೆರೆ ನನಗೆ ಕಂಡಿತು. ನನ್ನ ದಿನವೆಲ್ಲ ಆ ಗೆರೆಯಲ್ಲಿ ಹೋಯಿತು ಎನಿಸಿ ಲೋಟ ಹಿಡಿದು ನಿಂತುಬಿಟ್ಟೆ. ಅತ್ತೆ ಮೆಲ್ಲಗೆ ಸೆರಗನ್ನು ಕೈಮೇಲೆ ಎಳೆದುಕೊಂಡರು.

ಉಗುರು ತೆಗೆದಾಯ್ತಾ ಎಂದು ನನ್ನ ಗಂಡ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆಯ್ತು ಎಂದರು.

"ಮತ್ತೆ ಪರಚಿತೇನಮ್ಮ?"

"ಉಗುರೇ ಇಲ್ಲ, ಯಾವುದರಲ್ಲಿ ಪರಚುತ್ತಪ್ಪ?"

"ಕೈ ತೋರಿಸು."

"ನನ್ ಕೈಯಲ್ಲೇನು ಜಾತಕ ನೋಡ್ತೀಯೇನೋ? ಆಚೆ ಸರಿ, ಟಿವಿ ಕಾಣ್ತಿಲ್ಲ."

ಅವರು ಸರಿದರು. ನಾಳೆ ಮಿಂಟು ಬೇಡ ಬಿಡಿ, ಕಾಯಿ ತುಂಬಿದ ಟೆಂಪೋದಲ್ಲಿ ಜಾಗವೂ ಇರುವುದಿಲ್ಲ ಎಂದು ತಾವೇ ಹೇಳಿಕೊಂಡು ಬಚ್ಚಲಿಗೆ ಹೋದರು. ಕದ ಹಾಕಿದ ಸದ್ದು ಕೇಳಿದ ಮೇಲೆ ಅತ್ತೆ ಸೆರಗು ಸರಿಸಿ ಕೈಯನ್ನು ನನ್ನ ಕಡೆ ಚಾಚಿದರು. ಸೆರಗಿನ ಒಳಭಾಗ ಒದ್ದೆಯಾಗಿತ್ತು.

ಹತ್ತಿ ತಂದು ಅವರ ಪಕ್ಕ ಕೂತು ಒತ್ತಿ ಹಿಡಿದೆ. ಎಷ್ಟು ಸಲೀಸಾಗಿ ಸುಳ್ಳು ಹೇಳಿದರು. ಸಾರಿಗೆ ಉಪ್ಪು ಜಾಸ್ತಿಯಾದ ದಿನ, ಮದುವೆ ಮನೆಯಿಂದ ನಾನು ತಡವಾಗಿ ಬಂದ ದಿನ, ತವರಿಗೆ ಹೋಗಿ ಎರಡು ದಿನ ಹೆಚ್ಚು ನಿಂತ ಸಲ, ಮಗ ಕೇಳುವ ಮೊದಲೇ ನಿಜವನ್ನೆಲ್ಲ ಒಪ್ಪಿಸುತ್ತಿದ್ದವರು ಇವರೇ. ಮುಚ್ಚಿಡುವುದು ಇವರಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತದೆ. ನನಗಾಗಿ ಮಾಡಬೇಕೆಂದು ಅನಿಸಿರಲಿಲ್ಲ, ಅಷ್ಟೆ.

ನಾಡಿದ್ದು ಭಾನುವಾರ ದಿನ ಚೆನ್ನಾಗಿದೆ, ಬೆಳಿಗ್ಗೆ ಆ ಒಂದು ಕಾಲು ಮುಗಿಸಿಬಿಡು, ಬೇಕಾದರೆ ತಲೆ ನಾನು ಹಿಡಿದುಕೊಳ್ಳುತ್ತೇನೆ ಎಂದು ಅತ್ತೆ ಟಿವಿ ನೋಡುತ್ತಲೇ ಹೇಳಿದರು. ಮಿಂಟು ನಮ್ಮಿಬ್ಬರ ಕಾಲಿನ ನಡುವೆ ಕೋಡುಬಳೆಯ ಚೂರು ಹುಡುಕುತ್ತಿತ್ತು. ನಾನು ಹತ್ತಿಯನ್ನು ಇನ್ನಷ್ಟು ಒತ್ತಿದೆ.

"ಮೆಲ್ಲಗೆ ಕಣೇ, ನೋಯುತ್ತೆ."

"ಮೆಲ್ಲಗೆ ಒತ್ತಿದ್ರೆ ನಿಲ್ಲಲ್ಲ ಅತ್ತೆ" ಎಂದೆ.