ಪಾದ್ರಿಮನೆಯ ನೀಲಿ ಗೋಡೆ

ಊರಿನ ಪಾದ್ರಿಮನೆಗೆ ಸುಣ್ಣ ಬಳಿಯುವುದು ನಮ್ಮ ಮನೆತನದ ಕೆಲಸ. ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದನ್ನು ಬಳಿಯುವುದು ನಮ್ಮಜ್ಜ ಹಾಕಿಕೊಟ್ಟ ರೂಢಿ. "ಹೋದೋರ ಬಣ್ಣ ಕೆರೆಯೋಕೆ ನಾವ್ಯಾರು?" ಎನ್ನುತ್ತಿದ್ದ. ಪಿಟೀಲು ಬಾರಿಸುತ್ತಿದ್ದ ಪಾದ್ರಿ ನೀಲಿ ಹೊಡೆಸಿದರು. ಆಮೇಲೆ ಬಂದ ಕೆಮ್ಮಿನವರು ಹಳದಿ. ಹೂಗಿಡದ ಹುಚ್ಚಿನವರು ಹಸಿರು. ಗೋಡೆಗಳು ದಪ್ಪವಾಗುತ್ತಾ ಕೋಣೆಗಳೇ ಕಿರಿದಾದವು. ಮಧ್ಯಾಹ್ನ ಒಳಗೆ ಸುಮ್ಮನೆ ನಿಂತರೆ, ಎಲ್ಲ ಪಾದ್ರಿಗಳೂ ಗೋಡೆಯೊಳಗೆ ನಿದ್ದೆ ಹೋಗಿದ್ದಾರೇನೋ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಪಿಟೀಲೂ ಕೇಳುತ್ತಿತ್ತು. ನಗುವವರು ನಗಲಿ.

ಈಗ ಬಂದಿರುವ ಎಳೆಯ ಪಾದ್ರಿ, ಗೋಡೆ ಉಬ್ಬಿ ಬೀರುವಿನ ಬಾಗಿಲೇ ಮುಚ್ಚುತ್ತಿಲ್ಲವೆಂದು, "ಎಲ್ಲಾ ಕೆರೆದುಬಿಡಿ, ಕಲ್ಲು ಕಾಣೋವರೆಗೂ," ಎಂದರು. ನನಗೆ ಪಿತ್ತ ನೆತ್ತಿಗೇರಿತು. "ಬೀರು ಆಚೆ ಹಾಕಿ ಸ್ವಾಮಿ, ಗೋಡೆ ಯಾಕೆ ಸುಲೀತೀರಿ?" ಎಂದೆ.

ಅಡುಗೆಕೋಣೆಯ ಕಿಟಕಿಯ ಕೆಳಗೆ, ಹಿಂದೊಮ್ಮೆ ಹೊಸದಾಗಿ ಮೆತ್ತಿದ್ದ ಹಸಿ ಗಾರೆಗೆ, ನಮ್ಮ ಒಬ್ಬಳೇ ಮಗಳು ಅಂಗೈ ಒತ್ತಿದ್ದಳು. ಪಿಟೀಲಿನವರು "ಇರಲಿ ಬಿಡಪ್ಪ" ಎಂದು ನಕ್ಕು ಅದರ ಮೇಲೇ ನೀಲಿ ಹೊಡೆಸಿದರು. ಆ ಚಳಿಗಾಲದಲ್ಲಿ ಜ್ವರ ಬಂದು ಮಗು ಹೋಯಿತು. ಅವಳದೊಂದು ಫೋಟೋ ಕೂಡ ಇಲ್ಲ. ಆ ಗುಳಿಯನ್ನು ಸುಣ್ಣ ತುಂಬಿದ ಮೇಲೂ, ಕಸ ಗುಡಿಸಲು ಬರುವ ನನ್ನಾಕೆ ಆ ಜಾಗ ಸವರದೆ ಮನೆಗೆ ಹೊರಟವಳಲ್ಲ.

ವಿಷಯ ತಿಳಿದು ಪಾದ್ರಿಯ ಮುಖ ಸಪ್ಪಗಾಯಿತು. "ಅದೊಂದು ಗೋಡೆ ಬಿಟ್ಟುಬಿಡಿ," ಎಂದರು.

ನನ್ನಾಕೆಯೇ ಒಪ್ಪಲಿಲ್ಲ. "ಬಣ್ಣ ಸವರಿ ಸವರಿ ಸಾಕಾಯ್ತು. ಕೆರೀರಿ. ನನ್ ಮಗಳ ಕೈ ನಾನು ನೋಡ್ಬೇಕು."

"ಹಳೇ ಗಾರೆ ಕಣೇ! ಉದುರಿದ್ರೆ?"

"ಕೆರೀರಿ ಅಂದೆ."

ಉಸಿರು ಬಿಗಿಹಿಡಿದು ಸುತ್ತಲೂ ಕರಣೆ ಆಡಿಸಿದೆ. ಹಸಿರು, ಹಳದಿ, ನೀಲಿ ಮೂರೂ ಒಂದೇ ಹಕ್ಕಳೆಯಾಗಿ ಎದ್ದು ನನ್ನಾಕೆ ಒಡ್ಡಿದ್ದ ಕೈಗೆ ಬಂತು. ಗೋಡೆಯ ಗಾರೆ ಮಾತ್ರ ಬುಸ್ಸೆಂದು ಪುಡಿಯಾಗಿ ಸುರಿಯಿತು. ಕೈಯ ಗುರುತೂ ಇಲ್ಲ, ಬೆರಳಿನ ಗುರುತೂ ಇಲ್ಲ.

"ಅಯ್ಯೋ, ಹೇಳಿದ್ನಲ್ಲೇ!" ಎಂದು ಅಲ್ಲೇ ಕುಸಿದು ಗೊಳೋ ಎಂದು ಅತ್ತೆ.

ಅವಳು ಹಕ್ಕಳೆಯನ್ನು ಮೆಲ್ಲಗೆ ಮಗುಚಿದಳು. ಅದರ ಬೆನ್ನಿನಲ್ಲಿ, ಗುಳಿ ತುಂಬಿದ್ದ ಸುಣ್ಣವೇ ಗಟ್ಟಿಯಾಗಿ, ನೀಲಿ ಬಣ್ಣದ ಪುಟ್ಟ ಅಂಗೈಯೊಂದು ಉಬ್ಬಿ ನಿಂತಿತ್ತು. ಕಿರುಬೆರಳು ಕೊಂಚ ಸೊಟ್ಟ, ಅವಳಮ್ಮನದರ ಹಾಗೆಯೇ. ನನ್ನಾಕೆ ಅದರ ಮೇಲೆ ತನ್ನ ಅಂಗೈ ಇಟ್ಟು ಬಹಳ ಹೊತ್ತು ಕೂತಳು.

ಆಮೇಲೆ ಅದನ್ನು ಎದೆಗವಚಿಕೊಂಡು ಎದ್ದಳು. "ನಡಿಯೇ ಕಂದ, ಮನೆಗೆ ಹೋಗೋಣ," ಎಂದಳು.

ಕರಣೆಯನ್ನು ಅಲ್ಲೇ ಬಿಟ್ಟು ನಾನು ಅವರಿಬ್ಬರ ಹಿಂದೆ ನಡೆದೆ.