ಚಾಚುಗಾಲಿನ ಕೆಳಗಿನ ಕಾಗದ

ಕಾಗದ ಬರುತ್ತಿಲ್ಲ, ಎಳೆದು ನೋಡಿದೆ, ಮೆಲ್ಲಗೆ, ಬೆರಳಿಗೆ ಹೊಕ್ಕ ಬೆತ್ತದ ಸಿಬಿರನ್ನು ಎಳೆಯುವ ಹಾಗೆ, ಹರಿಯಬಾರದು, ಜಾರಲೂಬಾರದು, ಅತ್ತೆ, ಸುಮ್ನೆ ಹಿಡ್ಕೊಂಡಿರಿ, ಆಗಾಗ ಚೂರು ಎಳೀರಿ, ಸಡಿಲ ಆಯ್ತು ಅನ್ಸಿದ ತಕ್ಷಣ ಕೂಗಿ ಎಂದಿದ್ದಾಳೆ ಸೊಸೆ, ಹಿಡಿದುಕೊಂಡಿದ್ದೇನೆ ತಾಯಿ, ಮಂಚದ ಪಕ್ಕ ಮಂಡಿಯೂರಿ ಕೂತಿದ್ದೇನೆ, ಮಂಡಿ ತನ್ನ ಪಾಡಿಗೆ ತಾನು ದೂರು ಹೇಳುತ್ತಿದೆ, ಹೇಳಿಕೊಳ್ಳಲಿ, ಹಾಸಿಗೆಯ ಮೇಲೆ ನನ್ನ ಕ್ರೇನು ನಿಂತಿದೆ, ಕಾಗದ ಅದರ ಕಾಲಡಿ, ಮಗನ ಚಿಕ್ಕಂದಿನ ಆಟದ ಇಟ್ಟಿಗೆಗಳಲ್ಲಿ ಕಟ್ಟಿದ್ದು, ಹಳದಿ ಸಾಲದೆ ಬೆನ್ನೆಲ್ಲ ಕೆಂಪು, ಬೆನ್ನೊಳಗೆ ಭಾರಕ್ಕೆಂದು ಸತ್ತ ಟಾರ್ಚಿನ ಬ್ಯಾಟರಿಗಳು, ತೋಳಿನ ತುದಿಯಲ್ಲಿ ನಾದಿನಿಯ ಹಿತ್ತಾಳೆ ಬೀಗ ತೂಗುತ್ತಿದೆ, ಹಿಡಿಕೆ ತಿರುಗಿಸುತ್ತಿರುವ ಬೆರಳು ಸೊಸೆಯವು, ಕಳೆದ ತಿಂಗಳಿಂದ ಟೀ ಲೋಟ ಹಿಡಿದರೂ ನಡುಗುತ್ತಿದ್ದ ಬೆರಳು — ಈಗ ನಡುಗುತ್ತಿಲ್ಲವಲ್ಲ, ಅಯ್ಯೋ, ನೋಡಬೇಡ, ನನ್ನ ಕಣ್ಣೇ ತಾಕೀತು, ನೀನು ಕಾಗದ ನೋಡು ಮುದುಕಿ, ನಿನಗೆ ಕೊಟ್ಟಿರುವ ಕೆಲಸ ಕಾಗದ.

ನಿಜವಾದ ಕ್ರೇನು ಓಡಿಸುವವಳು ಅವಳು, ಮನೆಯಷ್ಟು ದೊಡ್ಡದು, ಮದುವೆಯಾಗಿ ಬಂದ ವಾರವೇ ನಾದಿನಿ ಕೇಳಿದ್ದಳು, ಏನಮ್ಮಾ ನೀನು ಆಫೀಸಿನಲ್ಲಿ ಏನು ಕೆಲಸ, ಆಫೀಸ್ ಇಲ್ಲ ಚಿಕ್ಕತ್ತೆ, ಕ್ರೇನ್ ಓಡಿಸ್ತೀನಿ, ನಾದಿನಿಯ ಬಾಯಿ ತೆರೆದದ್ದು ತೆರೆದೇ ಇತ್ತು, ಆಮೇಲೆ ಬೀದಿಯಲ್ಲೆಲ್ಲ ಅವಳದೇ ಡಂಗುರ, ನಮ್ಮನೇಲಿ ಎಲ್ಲಾ ಉಲ್ಟಾ ಕಣ್ರೀ, ಗಂಡ ಬೇಕರೀಲಿ ಹಿಟ್ಟು ನಾದ್ತಾನೆ, ಹೆಂಡ್ತಿ ಕಬ್ಬಿಣ ಎತ್ತುತಾಳೆ, ಹೇಳುವಾಗ ಮೂಗು ಮುರಿಯುತ್ತಿದ್ದಳು, ಮುರಿದ ಮೂಗಿನ ತುಂಬ ಹೆಮ್ಮೆ. ಕಳೆದ ತಿಂಗಳು ದೊಡ್ಡ ಸಿಮೆಂಟು ಕೊಳವೆ ಎತ್ತಿ ಬಲಕ್ಕೆ ತಿರುಗಿಸುವಾಗ ಕ್ರೇನಿನ ಒಂದು ಕಾಲಿನ ಕೆಳಗೆ ನೆಲ ಕುಸಿಯಿತಂತೆ, ಒಳಗೆ ಯಾವ ಕಾಲದ್ದೋ ಮುಚ್ಚಿಹೋದ ಚರಂಡಿ ಇತ್ತಂತೆ, ಇಡೀ ಗಾಡಿ ವಾಲಿತು, ಕೊಳವೆ ಹೇಗೋ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ, ತಪ್ಪು ನಿನ್ನದಲ್ಲ ಎಂದು ಮೇಲಿನವರೇ ಹೇಳಿದರು, ಅದೆಲ್ಲ ನನಗೆ ಹೇಳಿದವನು ಮಗ, ಅವಳು ರಜೆ ಹಾಕಿದಳು, ಇದ್ದಬದ್ದ ಪಾತ್ರೆ ಬೆಳಗಿದಳು, ಬೆಳಗಿದ್ದನ್ನೇ ಬೆಳಗಿದಳು, ಸೋಮವಾರ ಬಂದು ಕ್ರೇನು ಹತ್ತದಿದ್ದರೆ ಸ್ಟೋರಿನಲ್ಲಿ ಕೈಗವಸು, ಟೋಪಿ ಹಂಚುವ ಕೆಲಸ, ಅಷ್ಟೇ, ಆಮೇಲೆ ಮೇಲೆ ಹತ್ತುವ ಮಾತಿಲ್ಲ ಎಂದಿದ್ದಾರಂತೆ ಮೇಲಿನವರು, ನಾಡಿದ್ದೇ ಸೋಮವಾರ.

ಅವಳು ದಿನವಿಡೀ ಎಲ್ಲಿ ಕೂತಿರುತ್ತಾಳೆ, ಅದು ಯಾಕೆ ಬೀಳುತ್ತದೆ, ಯಾಕೆ ಬೀಳುವುದಿಲ್ಲ, ನನಗೆ ತಿಳಿಯಬೇಕಿತ್ತು, ಕೇಳಿದರೆ ಹೇಳುವುದಿಲ್ಲ, ಕಟ್ಟಿ ನೋಡಿದರಾಯಿತು ಎಂದು ಅಟ್ಟದ ಡಬ್ಬ ಇಳಿಸಿದೆ. ಕಟ್ಟಿದೆ, ಬಿತ್ತು, ಮತ್ತೆ ಕಟ್ಟಿದೆ, ಮತ್ತೆ ಬಿತ್ತು, ಊಟದ ಮೇಜಿನ ಮೇಲೆ ಬೀಗ ಸಮೇತ ಧಡಾರನೆ, ಪ್ರತಿ ಸಲವೂ ಅಡುಗೆಮನೆಯಲ್ಲಿ ಒಂದು ಪಾತ್ರೆ ಅವಳ ಕೈಜಾರುತ್ತಿತ್ತು, ನನಗೆ ಹೊಳೆಯಲೇ ಇಲ್ಲ, ಹೊಳೆಸಿದವಳು ನಾದಿನಿ, ಅತ್ತಿಗೆ, ನಿಮಗೆ ತಲೆ ನೆಟ್ಟಗಿದ್ಯಾ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ, ಬೀಳೋ ಕ್ರೇನ್ ಕಂಡು ಬೆಚ್ಚಿದ ಹುಡುಗಿ ಮುಂದೆ ದಿನಾ ಕ್ರೇನ್ ಬೀಳಿಸ್ತೀರಲ್ಲ, ಎಂದಳು, ನಿಜವೇ, ಹಾಗಂತ ಬಿಟ್ಟುಬಿಡಲೇ, ಬಿದ್ದದ್ದನ್ನು ಬಿದ್ದ ಹಾಗೇ ಡಬ್ಬಕ್ಕೆ ತುಂಬಿಡಲೇ, ಹಾಗೆ ಮಾಡಿದರೆ ಇನ್ನೂ ಕೆಟ್ಟದ್ದು, ಬೀಳದ ಹಾಗೆ ಮಾಡ್ತೀನಿ ಕಣೇ ಎಂದೆ, ಮಾಡಿ ಮಾಡಿ, ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದ ಹಾಗಾಯ್ತು ಎಂದವಳೇ, ಬೀಗ ಮಾತ್ರ ವಾಪಸು ಕೇಳಲಿಲ್ಲ.

ಬೀಳುವುದು ಯಾಕೆಂದು ನನಗೆ ಗೊತ್ತಿತ್ತು, ನಾನು ಹೋಗುತ್ತಿದ್ದ ರಾತ್ರಿ ಶಾಲೆಯ ಮೇಷ್ಟ್ರು ಒಮ್ಮೆ ಹೆಂಗಸರನ್ನೆಲ್ಲ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ಮಂಡಿ ಮಡಚದೆ ಕಾಲ ಬುಡದ ಸೀಮೆಸುಣ್ಣ ಎತ್ತಿ ಎಂದರು, ಬಗ್ಗಿದವರು ಬಗ್ಗಿದ ಹಾಗೇ ಮುಂದಕ್ಕೆ ಮುಗ್ಗರಿಸಿ ಒಬ್ಬರ ಮೇಲೊಬ್ಬರು, ಮೊಮ್ಮಕ್ಕಳಿದ್ದ ಹೆಂಗಸರು, ಹೊಟ್ಟೆ ಹುಣ್ಣಾಗುವಷ್ಟು ನಗು, ನಿಮ್ಮ ಭಾರ ನಿಮ್ಮ ಪಾದ ದಾಟಿ ಆಚೆ ಹೋಯ್ತು, ಅದಕ್ಕೇ ಬಿದ್ರಿ ಎಂದರು ಮೇಷ್ಟ್ರು, ಹಾಗಾದರೆ ಪಾದವನ್ನೇ ಆಚೆಗೆ ಚಾಚಬೇಕು, ನಾಲ್ಕು ಮೂಲೆಗೆ ನಾಲ್ಕು ಚಾಚುಗಾಲು. ಮೊದಲು ಪಕ್ಕಕ್ಕೆ ಅಂಟಿಸಿದೆ, ಭಾರ ಬಿದ್ದೊಡನೆ ಬಿಚ್ಚಿಕೊಂಡವು, ಈ ಇಟ್ಟಿಗೆಗಳ ಜಾತಿಯೇ ಹಾಗೆ, ಮೇಲಿಂದ ಒತ್ತಿದರೆ ಕಲ್ಲು, ಪಕ್ಕದಿಂದ ಎಬ್ಬಿಸಿದರೆ ಬಾಳೆಹಣ್ಣಿನ ಸಿಪ್ಪೆ. ಆಮೇಲೆ ಕೈಗೆ ಹಳೆಯ ಬುದ್ಧಿ ಬಂತು, ನಲವತ್ತು ವರ್ಷ ಕುರ್ಚಿಗೆ ಬೆತ್ತ ಹೆಣೆದ ಕೈ, ಎಲ್ಲೂ ತುಂಡರಿಸಬಾರದು, ಎಡಗಾಲಿನಿಂದ ಬಲಗಾಲಿಗೆ ಒಂದೇ ಉದ್ದನೆ ತೊಲೆ ಹೊಟ್ಟೆಯಡಿ ಹಾಯಿಸಿದೆ, ಮುಂದೊಂದು, ಹಿಂದೊಂದು, ಸೇರುವ ಜಾಗ ಮೇಲೆ ಕೆಳಗೆ ಒಂದರ ಎದುರು ಒಂದು ಬಾರದ ಹಾಗೆ ಹೆಣೆದೆ, ಕೆಳಗಿಂದಲೂ ಒಂದು ಚಪ್ಪಟೆ ಪಟ್ಟಿ ಕೊಟ್ಟು ತಬ್ಬಿಸಿದೆ, ಗಟ್ಟಿಯೆಂದರೆ ಗಟ್ಟಿ, ಆದರೂ ಬೀಗ ಪಕ್ಕಕ್ಕೆ ಬಂತೆಂದರೆ ಕ್ರೇನು ಕುಡಿದವನ ಹಾಗೆ ತೂಗಾಡಿ, ಧಡಾರ್.

ಇವತ್ತು ಮಧ್ಯಾಹ್ನದ ಮಾತು ಅದು, ಈ ಸಲ ಪಾತ್ರೆಯ ಸದ್ದು ಬರಲಿಲ್ಲ, ತಿರುಗಿದರೆ ಅವಳೇ ಬಾಗಿಲಲ್ಲಿ ನಿಂತಿದ್ದಾಳೆ, ಮೊಣಕೈವರೆಗೂ ಸೋಪಿನ ನೊರೆ, ಅತ್ತೆ, ಚಕ್ರ ಯಾಕೆ ನೆಲದ ಮೇಲಿದೆ, ಇರಲಿ ಬಿಡಮ್ಮ, ನಾಲ್ಕು ಕಾಲು ನಾಲ್ಕು ಚಕ್ರ, ಎಷ್ಟು ಕಾಲಿದ್ರೆ ಅಷ್ಟು ಭಾರ ಹಂಚ್ಕೊಳ್ಳುತ್ತೆ, ಇದು ಕುರ್ಚಿ ಅಲ್ಲ ಅತ್ತೆ! ಎಂದಳು, ತಡೆಯಲಾರದೆ, ರಬ್ಬರ್ ಚಕ್ರ ಕುಣಿಯುತ್ತೆ, ಕುಣಿಯೋದನ್ನ ನಂಬಿ ಯಾರಾದ್ರೂ ಭಾರ ಎತ್ತುತಾರಾ, ಚಕ್ರ ನೆಲ ಬಿಡಬೇಕು, ಪೂರ್ತಿ, ಕೆಳಗೆ ಬೆರಳು ಆಡಬೇಕು, ಗಾಡಿ ಇಡಿಯಾಗಿ ಕಾಲ ಮೇಲೆ ಕೂರಬೇಕು — ಹೇಳುತ್ತಾ ಹೇಳುತ್ತಾ ನೊರೆಗೈಯಲ್ಲೇ ಬಿಲ್ಲೆ ಆರಿಸತೊಡಗಿದಳು, ಆ ತೆಳ್ಳನೆ ಬಿಲ್ಲೆ ಮೂರು ಸೇರಿದರೆ ಒಂದು ಇಟ್ಟಿಗೆಯ ಎತ್ತರ, ಕುಂಟುವ ಕಾಲಿಗೆ ಮೂರು ಬಿಲ್ಲೆ, ಮಿಕ್ಕವಕ್ಕೆ ಎರಡೆರಡು, ಚಕ್ರಗಳು ಗಾಳಿಯಲ್ಲಿ ನಿಂತವು, ಬೀಗ ಎತ್ತಿದೆ, ಸುತ್ತಿಸಿದೆ, ಅಲುಗಲಿಲ್ಲ, ನಾನು ಕುಣಿಯುವುದೊಂದು ಬಾಕಿ. ಅವಳು ಕುಣಿಯಲಿಲ್ಲ. ಮೇಜು ಗಟ್ಟಿ ಇದೆ ಅತ್ತೆ, ಮೇಜಿನ ಮೇಲೆ ಯಾರು ಬೇಕಾದ್ರೂ ನಿಲ್ತಾರೆ. ಆಮೇಲೆ ಕ್ರೇನನ್ನು ಎರಡು ಕೈಯಲ್ಲಿ ಎತ್ತಿ, ತಂದು, ನನ್ನ ಮೆತ್ತನೆ ಹಾಸಿಗೆಯ ಮೇಲಿಟ್ಟಳು. ನಾಲ್ಕು ಮುಚ್ಚಳ ಕೊಡಿ, ಅಗಲದ್ದು, ಕಾಲಡಿಗೆ. ನಾದಿನಿ ಹಿಂದಿನಿಂದ, ನನ್ನ ಸಕ್ಕರೆ ಡಬ್ಬೀದೇ ಬೇಕಾ, ಇರುವೆ ಬಂದ್ರೆ ಕ್ರೇನ್ ಬಂದು ಎತ್ತುತ್ತಾ, ಎನ್ನುತ್ತಲೇ ಮುಚ್ಚಳ ತಂದುಕೊಟ್ಟಳು. ಬೀಗ ಬಲಕ್ಕೆ ಹೋದರೆ ಮೊದಲು ಹಗುರಾಗುವುದು ಎಡದ ಹಿಂಗಾಲು, ಅದರಡಿಗೆ ಈ ಬೆರಳಗಲದ ಕಾಗದ, ಕಾಲು ಹಗುರಾದರೆ ಜಾರುತ್ತದೆ, ತುದಿ ನನ್ನ ಕೈಗೆ, ಅತ್ತೆ, ಹಿಡ್ಕೊಳ್ಳಿ.

ತಿರುಗುತ್ತಿದೆ ಈಗ, ಮುಂದಿನಿಂದ ಬಲಕ್ಕೆ, ಆವತ್ತು ಕೊಳವೆ ಹೋದ ದಿಕ್ಕಿಗೇ, ಯಾರೂ ಉಸಿರಾಡುತ್ತಿಲ್ಲ, ನಾದಿನಿ ಕೂಡ, ಎಳೆದೆ, ಬರಲಿಲ್ಲ, ಬೀಗ ಇನ್ನಷ್ಟು ಆಚೆ, ಮುಚ್ಚಳ ಹಾಸಿಗೆಯೊಳಗೆ ಇಳಿಯುತ್ತಿದೆ, ಎಳೆದೆ, ಬರಲಿಲ್ಲ, ಪೂರ್ತಿ ಪಕ್ಕಕ್ಕೆ ಬಂತು, ಎಳೆದೆ — ಜಾರಿತು! ಕೂದಲೆಳೆಯಷ್ಟು, ಬೆರಳು ಸುಳ್ಳು ಹೇಳುವುದಿಲ್ಲ, ನಿಲ್ಸು ಎಂದು ಕೂಗಿದೆ, ಎಷ್ಟು ಜೋರಾಗಿ ಕೂಗಿದೆನೆಂದರೆ ನಾದಿನಿ ಅಯ್ಯೋ ಎಂದು ಕಣ್ಣು ಮುಚ್ಚಿಕೊಂಡಳು, ಹೋಯಿತು, ಮುಗಿಯಿತು, ಯಾಕೆ ಬೇಕಿತ್ತು ನನಗೆ ಈ ಆಟ, ಈಗ ಇದೂ ಬೀಳುತ್ತದೆ, ಅವಳೂ — ಆದರೆ ಅವಳು ಬೆಚ್ಚಲಿಲ್ಲ. ನಿಲ್ಲಿಸಿದಳು. ಬೆರಳು ಹಿಡಿಕೆ ಬಿಡಲಿಲ್ಲ. ಹೂಂ, ಕೇಳಿಸ್ತು, ತೋಳು ಒಳಗೆ ತರ್ತೀನಿ ಎಂದು ಇನ್ನೊಂದು ಹಿಡಿಕೆಯನ್ನು ಹೂವು ಬಿಡಿಸುವವಳ ಹಾಗೆ ತಿರುಗಿಸಿದಳು, ತೋಳು ಮೇಲೆದ್ದಿತು, ಬೀಗ ಹತ್ತಿರ ಸರಿಯಿತು, ಮೆಲ್ಲಗೆ ಕೆಳಗಿಳಿಯಿತು, ತೂಗುತ್ತಲೇ ಹಾಸಿಗೆಗೆ ಒಂದು ಅಂಗುಲ ಮೇಲೆ ನಿಂತಿತು, ಅವಳು ಅದನ್ನೇ ನೋಡುತ್ತಿದ್ದಾಳೆ, ಅತ್ತೆ, ಅವತ್ತೂ ನಾನು ಇದನ್ನೇ ಮಾಡಿದ್ದು, ಇಷ್ಟನ್ನೇ, ಬಿಟ್ಟು ಇಳಿದು ಓಡಲಿಲ್ಲ ನಾನು. ಗೊತ್ತಮ್ಮ. ಗೊತ್ತಿರಲಿಲ್ಲ ಅತ್ತೆ ನಂಗೆ, ವಾಲಿದ್ದಷ್ಟೇ ತಲೇಲಿತ್ತು, ನಿಲ್ಲಿಸಿದ್ದು ಮರೆತೇಹೋಗಿತ್ತು. ನಾದಿನಿ ಒಂದು ಕಣ್ಣು ತೆರೆದು, ಬಿತ್ತಾ? ಇಲ್ಲ ಚಿಕ್ಕತ್ತೆ, ನಿಮ್ಮ ಬೀಗ ಕ್ಷೇಮ, ನಗುತ್ತಿದ್ದಾಳೆ, ಕೇಳಿದೆಯಾ, ನಗುತ್ತಿದ್ದಾಳೆ, ನಗುತ್ತಲೇ ಮತ್ತೆ ಬಲಕ್ಕೆ ತಿರುಗಿಸುತ್ತಿದ್ದಾಳೆ, ಈ ಸಲ ತೋಳನ್ನು ಒಳಗಿಟ್ಟುಕೊಂಡೇ, ಹಿಡಿಕೆಯಿಂದ ಕಣ್ಣೆತ್ತದೆ, ಸೋಮವಾರ ಬೇಗ ಹೊರಡಬೇಕು ಅತ್ತೆ, ನನ್ನ ಡಬ್ಬಿ ಕಟ್ತೀರಾ, ಕಟ್ತೀನಮ್ಮ, ಕಾಗದ ಹೇಗಿದೆ ಅತ್ತೆ, ಎಳೆಯುತ್ತಿದ್ದೇನೆ, ಬೀಗ ಪೂರ್ತಿ ಪಕ್ಕದಲ್ಲಿದೆ, ಗಟ್ಟಿಯಾಗಿ ಎಳೀರಿ, ಎಳೆಯುತ್ತಿದ್ದೇನೆ ಮಗಳೇ, ಬೆರಳಗಲದ ಬಿಳಿ ಕಾಗದ, ಕಾಲಿನ ಕೆಳಗೆ, ಬಿಗಿಯಾಗಿ, ಬರುತ್ತಿಲ್ಲ, ಕಾಗದ, ಬರುತ್ತಿಲ್ಲ